ಹೊಸ ರೌಟರ್ ತರುವ ಮೊದಲು: ಘಟ್ಟದ ಮೇಲೆ, ಘಟ್ಟದ ಕೆಳಗೆ ಮನೆ ಸಾಮಾನಿನ ದೋಷ ಹುಡುಕುವ ಬಗೆ

"ನೆಟ್ ಕಟ್ಟಾಗ್ತಾ ಇರ್ತದೆ, ರೌಟರ್ ಹಳತಾಯ್ತು ಕಾಣ್ತದೆ, ಯಾವುದು ತಗೊಳ್ಳಲಿ?" ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದನ್ನೇ: ನೆಟ್ ಹೋದಾಗ ಮನೆಯ ಬಲ್ಬು ಹೇಗಿತ್ತು? ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ. ನೋಡಿದವರ ಮನೆಯ ರಿಪೇರಿ ಅರ್ಧ ಅಲ್ಲೇ ಮುಗಿದಿರುತ್ತದೆ.

ಸಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಲೆಕ್ಟ್ರಾನಿಕ್ ಸಾಮಾನು ವಯಸ್ಸಾಗಿ ಸಾಯುವುದು ಅಪರೂಪ. ಕರೆಂಟಿನ ಏರಿಳಿತ, ಸಿಡಿಲು, ತಿಂಗಳುಗಟ್ಟಲೆ ಬಿಡದ ತೇವ ಅದನ್ನು ಕೊಲ್ಲುತ್ತವೆ. ಕಾರವಾರ, ಅಂಕೋಲಾ, ಕುಮಟಾದ ಕಡಲಂಚಿನ ಮನೆಗಳಲ್ಲಿ ಇದಕ್ಕೆ ಉಪ್ಪುಗಾಳಿಯೂ ಸೇರುತ್ತದೆ. ಇವನ್ನು ಹಾಗೇ ಬಿಟ್ಟು ಹೊಸ ಪೆಟ್ಟಿಗೆ ತಂದರೆ, ಅದೂ ಅದೇ ಗೋಡೆಯ ಅದೇ ಸಾಕೆಟ್ಟಿಗೆ ಸಿಕ್ಕಿ ಮುಂದಿನ ಮಳೆಗಾಲದ ಹೊತ್ತಿಗೆ ಹಳೆಯದರ ಚಾಳಿಯನ್ನೇ ಕಲಿಯುತ್ತದೆ. ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಮೊದಲು ಕರೆಂಟು, ಆಮೇಲೆ ಹೊರಗಿನಿಂದ ಬರುವ ತಂತಿ, ಆಮೇಲೆ ಜೋಡಣೆ, ಕಟ್ಟಕಡೆಗೆ ಪೆಟ್ಟಿಗೆ. ಅಂಗಡಿಯವರು ಈ ಕ್ರಮವನ್ನು ತಲೆಕೆಳಗು ಮಾಡಿ ಹೇಳುತ್ತಾರೆ. ಅವರದ್ದು ಅವರ ವ್ಯಾಪಾರ, ಬಿಡಿ.

ಬೇಕಾದ ಸಲಕರಣೆ ಹೆಚ್ಚೇನಿಲ್ಲ. ವೋಲ್ಟ್ ಅಳೆಯಲು ಒಂದು ಸಾಧಾರಣ ಮಲ್ಟಿಮೀಟರ್, ಕಂಪ್ಯೂಟರನ್ನು ರೌಟರಿಗೆ ಜೋಡಿಸುವ ಒಂದು ಗಿಡ್ಡ ಲ್ಯಾನ್ ಕೇಬಲ್, ರೌಟರಿಗೆ ಹೊಂದುವ ಇನ್ನೊಂದು ಅಡಾಪ್ಟರ್, ಒಂದು ಟಾರ್ಚ್. ಗೋಡೆಯ ಸಾಕೆಟ್ಟಿಗೆ ಮೀಟರ್ ಕಡ್ಡಿ ಚುಚ್ಚಿ ಅಭ್ಯಾಸವಿಲ್ಲದವರು ಆ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಬೇಕು. ಉಳಿದದ್ದನ್ನೆಲ್ಲ ಯಾರೂ ಮಾಡಬಹುದು.

ಕರೆಂಟು: ಇಲ್ಲಿ ಹೆಚ್ಚು ಹೊತ್ತು ಕೂರಿ

ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಮೀಟರಿನಲ್ಲಿ 210ರಿಂದ 245ರ ಒಳಗೆ ತೋರಿಸಿದರೆ ತಲೆಬಿಸಿ ಬೇಡ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದಾಗ ಇದು 170ಕ್ಕೂ ಇಳಿಯುತ್ತದೆ. ರೌಟರ್, ಫೋನ್ ಚಾರ್ಜರ್‌ಗಳಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಅಡಾಪ್ಟರಿನ ಬೆನ್ನಿನ ಚೀಟಿ ಓದಿ ನೋಡಿ, 100ರಿಂದ 240 ವೋಲ್ಟ್ ಎಂದೇ ಬರೆದಿರುತ್ತದೆ. ತೊಂದರೆ ಇರುವುದು ಫ್ರಿಜ್ಜಿನ ಕಂಪ್ರೆಸರಿಗೆ. ಅದಕ್ಕೆ ಸ್ಟೆಬಿಲೈಜರ್ ಹಾಕಿ, ರೌಟರಿಗೆ ಬೇಡ.

ಕಡಿಮೆ ವೋಲ್ಟೇಜಿಗಿಂತ ಹೆದರಬೇಕಾದದ್ದು ಸಡಿಲ ನ್ಯೂಟ್ರಲ್‌ಗೆ, ಅಂದರೆ ಕರೆಂಟು ಮರಳಿ ಹೋಗುವ ತಂತಿಯ ಸಡಿಲ ಜೋಡಣೆಗೆ. ಲಕ್ಷಣ ಸ್ಪಷ್ಟ: ಒಂದು ಕೋಣೆಯ ಬಲ್ಬು ಮಂಕಾಗುವಾಗ ಇನ್ನೊಂದು ಕೋಣೆಯದ್ದು ಎಂದೂ ಇಲ್ಲದಷ್ಟು ಪ್ರಖರವಾಗುತ್ತದೆ, ಫ್ಯಾನು ಒಮ್ಮೆ ಓಡಿ ಒಮ್ಮೆ ತೆವಳುತ್ತದೆ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಕಡಿದುಹೋದರೆ, ಕಡಿಮೆ ಲೋಡಿರುವ ಫೇಸಿನವರ ಮನೆಗೆ 400 ವೋಲ್ಟಿನ ಹತ್ತಿರ ಬರಬಹುದು. ಬೆಳಿಗ್ಗೆ ನೋಡೋಣ ಎಂದು ಬಿಡುವ ಸಂಗತಿ ಇದಲ್ಲ. ಆ ಕ್ಷಣವೇ ಮೇನ್ ಸ್ವಿಚ್ ಇಳಿಸಿ ಲೈನ್‌ಮ್ಯಾನ್‌ಗೆ ಫೋನ್ ಮಾಡಿ. ಊರಿನ ನಾಲ್ಕಾರು ಮನೆಗಳ ಟಿವಿ, ಸೆಟ್‌ಟಾಪ್ ಬಾಕ್ಸು, ಬಲ್ಬುಗಳು ಒಂದೇ ಸಂಜೆ ಸುಟ್ಟವೆಂದರೆ ಜನ ಸಿಡಿಲನ್ನು ಬಯ್ಯುತ್ತಾರೆ. ಆಕಾಶ ಶುಭ್ರವಾಗಿದ್ದ ಸಂಜೆಯಾದರೆ ಕಂಬದ ಮೇಲಿನ ನ್ಯೂಟ್ರಲ್ ಜಂಪರ್ (ಜೋಡಣೆಯ ತುಂಡು ತಂತಿ) ನೋಡಿಸಿ.

ಈಗ ರೌಟರಿನ ಅಡಾಪ್ಟರಿಗೆ ಬರೋಣ. ಅರ್ಧಕ್ಕರ್ಧ 'ಕೆಟ್ಟ' ರೌಟರುಗಳು ನಿಜವಾಗಿ ಕೆಟ್ಟ ಅಡಾಪ್ಟರುಗಳೇ ಎಂಬುದು ನನ್ನ ಅನುಭವ. ಅದರೊಳಗಿನ ಕೆಪಾಸಿಟರ್ ಬಿಸಿಗೆ ವರ್ಷಗಳ ಕಾಲ ಬೆಂದು ಒಣಗುತ್ತದೆ. ರೌಟರಿನಿಂದ ಪಿನ್ ಕಿತ್ತು ಮೀಟರಿಗೆ ಹಿಡಿದರೆ ಸರಿಯಾಗಿ 12 ವೋಲ್ಟ್ ತೋರಿಸುತ್ತದೆ, ನಾವು ಅಡಾಪ್ಟರ್ ಒಳ್ಳೇದಿದೆ ಎಂದು ತೀರ್ಮಾನಿಸುತ್ತೇವೆ. ಲೋಡು ಬಿದ್ದಾಗ ಮಾತ್ರ ಅದರ ಬಂಡವಾಳ ಬಯಲಾಗುವುದು. ಮನೆಯಲ್ಲಿ ಒಬ್ಬರೇ ವಾಟ್ಸ್‌ಆ್ಯಪ್ ನೋಡುವಾಗ ಎಲ್ಲ ಸರಿ. ಮಕ್ಕಳು ಬಂದು ಮೂರು ಫೋನಿನಲ್ಲಿ ವಿಡಿಯೊ ಹಚ್ಚಿದರೋ, ದೀಪಗಳೆಲ್ಲ ಒಮ್ಮೆ ಆರಿ ರೌಟರ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಈ ಲಕ್ಷಣ ಕಂಡರೆ ರೌಟರಿಗೆ ಕೈ ಹಚ್ಚಬೇಡಿ. ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಇನ್ನೊಂದು ಅಡಾಪ್ಟರ್ ಹಾಕಿ ಎರಡು ದಿನ ನೋಡಿ. ಹಳೆಯದರಲ್ಲಿ 12 ವೋಲ್ಟ್ 1 ಆಂಪಿಯರ್ ಎಂದಿದ್ದರೆ 12 ವೋಲ್ಟ್ 2 ಆಂಪಿಯರಿನದ್ದು ನಡೆಯುತ್ತದೆ. 9 ವೋಲ್ಟಿನದ್ದು ನಡೆಯುವುದಿಲ್ಲ. ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಎನ್ನುವ ಪುಟ್ಟ ಚಿತ್ರ ಎರಡರ ಮೇಲೂ ಇರುತ್ತದೆ, ಹೊಂದಿಸಿಕೊಳ್ಳಿ. ಅಡಾಪ್ಟರನ್ನು ಬಿಚ್ಚಿ ಒಳಗೆ ಬೆರಳು ಹಾಕುವ ಸಾಹಸ ಬೇಡ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಸ್ವಲ್ಪ ಹೊತ್ತು ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ಇನ್‌ವರ್ಟರ್ ಇದ್ದೂ ಕರೆಂಟು ಹೋದಾಗಲೆಲ್ಲ ನೆಟ್ ಎರಡು ಮೂರು ನಿಮಿಷ ಕಾಣೆಯಾಗುತ್ತದೆ ಎನ್ನುವ ದೂರು ಇನ್ನೊಂದು ಬಗೆ. ಇಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಕಣ್ಣೆವೆಯಷ್ಟು ಹೊತ್ತಿನಲ್ಲಿ ರೌಟರ್ ಆರಿ ಮತ್ತೆ ಹುಟ್ಟುತ್ತಿರುತ್ತದೆ. ಇನ್‌ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ಚಿದ್ದರೆ ಅದನ್ನು ಹಾಕಿದಾಗ ಬದಲಾವಣೆ ಬೇಗ ಆಗುತ್ತದೆ, ರೌಟರ್ ಆರುವುದಿಲ್ಲ. ಪೇಟೆಯವರಿಗೆ ಈ ಸಲಹೆ ಸಾಕು. ಹಳ್ಳಿಯವರು ಇನ್ನೊಂದು ಸಂಗತಿ ತಿಳಿದಿರಬೇಕು. ಯುಪಿಎಸ್ ಮೋಡಿನಲ್ಲಿ ಇನ್‌ವರ್ಟರ್ ಮಡಿವಂತ. ವೋಲ್ಟೇಜು 180ರ ಆಸುಪಾಸಿಗೆ ಇಳಿದರೆ ಸಾಕು, ಕರೆಂಟು ಇದ್ದರೂ ಬೇಡವೆಂದು ಬ್ಯಾಟರಿ ಹಿಡಿಯುತ್ತದೆ. ಪಂಪ್‌ಸೆಟ್ ಓಡುವ ಹೊತ್ತಿಗೆಲ್ಲ ಬ್ಯಾಟರಿ ಖಾಲಿಯಾಗಿ, ನಿಜವಾಗಿ ಕರೆಂಟು ಹೋದಾಗ ಕತ್ತಲೆ. ಆಮೇಲೆ 'ಬ್ಯಾಟರಿ ಹೋಯ್ತು' ಎಂದು ಹೊಸ ಬ್ಯಾಟರಿ ತರುತ್ತಾರೆ! ಅಂಥ ಕಡೆ ಇನ್‌ವರ್ಟರನ್ನು ಮಾಮೂಲಿ ಮೋಡಿನಲ್ಲೇ ಬಿಟ್ಟು, ರೌಟರಿಗೆ ಮಾತ್ರ ಅಂಗೈಯಗಲದ 12 ವೋಲ್ಟಿನ ಮಿನಿ ಯುಪಿಎಸ್ (ಪುಟ್ಟ ಬ್ಯಾಟರಿ ಪೆಟ್ಟಿಗೆ) ಹಾಕುವುದು ಲೇಸು. ಮನೆಗೆ ತರುವ ಹೊಸ ಸಾಮಾನುಗಳಲ್ಲಿ ಕೊಟ್ಟ ಹಣಕ್ಕೆ ಇಷ್ಟು ನೆಮ್ಮದಿ ಕೊಡುವುದು ಇನ್ನೊಂದನ್ನು ನಾನು ಕಂಡಿಲ್ಲ.

ಬ್ಯಾಟರಿ ನಿಜಕ್ಕೂ ಮುಗಿದಿದೆಯೇ ಎಂದು ನೋಡಲು ಪೂರ್ತಿ ಚಾರ್ಜ್ ಮಾಡಿ, ತಂತಿ ಬಿಚ್ಚಿ, ಕೆಲವು ತಾಸು ಸುಮ್ಮನೆ ಬಿಟ್ಟು ಅಳೆಯಿರಿ. 12.6 ವೋಲ್ಟಿನ ಹತ್ತಿರ ನಿಂತರೆ ಜೀವವಿದೆ. 12ರ ಕೆಳಗೆ ಜಾರಿದ್ದರೆ, ಡಿಸ್ಟಿಲ್ಡ್ ವಾಟರ್ ಸರಿಯಾಗಿದ್ದೂ ಹಾಗೇ ಇದ್ದರೆ, ಹೊಸದು ತನ್ನಿ. ಬಾವಿ ನೀರು ಎಷ್ಟೇ ತಿಳಿಯಾಗಿರಲಿ, ಬ್ಯಾಟರಿಗೆ ಹಾಕಬೇಡಿ.

ಫೈಬರ್: ಕೆಂಪು ದೀಪ ಮತ್ತು ಒಂದು ಸಂಖ್ಯೆ

ಕರೆಂಟು ಸರಿ ಎಂದಾದ ಮೇಲೆ ಮೋಡೆಮ್ಮಿನ, ಅಂದರೆ ನೆಟ್ಟನ್ನು ಬೆಳಕಿನ ರೂಪದಲ್ಲಿ ತರುವ ಫೈಬರ್ ತಂತಿ ಬಂದು ಸೇರುವ ಪೆಟ್ಟಿಗೆಯ, ದೀಪ ನೋಡಿ. 'ಪಾನ್' ದೀಪ ಹಸಿರಾಗಿ ನಿಂತಿದ್ದರೆ ಬೆಳಕು ಬರುತ್ತಿದೆ. 'ಎಲ್‌ಒಎಸ್' ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ. ಆಗ ಪಾಸ್‌ವರ್ಡ್ ಬದಲಿಸುವುದು, ರೀಸೆಟ್ ಗುಂಡಿಗೆ ಪಿನ್ನು ಚುಚ್ಚುವುದು ವ್ಯರ್ಥ ಮಾತ್ರವಲ್ಲ, ನಷ್ಟ. ರೀಸೆಟ್ ಮಾಡಿದರೆ ಒಳಗಿನ ಸೆಟ್ಟಿಂಗ್ ಅಳಿಸಿಹೋಗಿ, ತಂತಿ ಸರಿಯಾದ ಮೇಲೂ ನೆಟ್ ಬರುವುದಿಲ್ಲ.

ಕೆಂಪು ದೀಪಕ್ಕೆ ಮನೆಯೊಳಗಿನ ಕಾರಣಗಳು ಬೆರಳೆಣಿಕೆಯವು. ಕಿಟಕಿಯ ಬಾಗಿಲು ತಂತಿಯನ್ನು ಚಿವುಟಿರುತ್ತದೆ, ಮೇಜು ಸರಿಸುವಾಗ ಚೂಪಾಗಿ ಮಡಚಿರುತ್ತದೆ, ಹಸಿರು ಬಾಯಿಯ ಕನೆಕ್ಟರ್ ಅರ್ಧ ಹೊರಬಂದಿರುತ್ತದೆ. ಫೈಬರನ್ನು ಲೋಟದ ಬಾಯಿಗಿಂತ ಸಣ್ಣ ಸುತ್ತಾಗಿ ಬಗ್ಗಿಸದಿದ್ದರೆ ಒಳ್ಳೆಯದು. ಕನೆಕ್ಟರ್ ಕಿತ್ತು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು 'ಬೆಳಕು ಬರ್ತದಾ' ಎಂದು ನೋಡುವವರಿದ್ದಾರೆ. ಬರುವುದು ಕಣ್ಣಿಗೆ ಕಾಣದ ಲೇಸರ್ ಕಿರಣ, ನೋಡಲೇಬೇಡಿ.

ಹೊರಗಿನ ಕಾರಣಗಳದ್ದು ದೊಡ್ಡ ಪಟ್ಟಿ. ಅಡಿಕೆ ಸೋಗೆ ಬಿದ್ದದ್ದು, ಮಂಗ ಜೋತಾಡಿದ್ದು, ಧರೆ ಕುಸಿದದ್ದು, ರಸ್ತೆ ಅಗಲ ಮಾಡುವ ಜೆಸಿಬಿ. ಅದರಲ್ಲಿ ನಾವು ಮಾಡುವಂಥದ್ದು ದೂರು ಕೊಡುವುದಷ್ಟೇ. ಆದರೆ ದೂರನ್ನು ಬಲವಾಗಿ ಕೊಡುವ ದಾರಿಯೊಂದಿದೆ.

ಬ್ರೌಸರಿನಲ್ಲಿ ಮೋಡೆಮ್ಮಿನ ವಿಳಾಸ ತೆರೆಯಿರಿ. ಹೆಚ್ಚಾಗಿ 192.168.1.1, ಮೋಡೆಮ್ಮಿನ ತಳದಲ್ಲಿ ವಿಳಾಸವೂ ಪಾಸ್‌ವರ್ಡೂ ಬರೆದಿರುತ್ತದೆ. ಸ್ಟೇಟಸ್ ಪುಟದಲ್ಲಿ ಆಪ್ಟಿಕಲ್ ಆರ್‌ಎಕ್ಸ್ ಪವರ್ (ಬರುವ ಬೆಳಕಿನ ಬಲ) ಎಂಬ ಸಾಲಿನ ಮುಂದೆ ಒಂದು ಮೈನಸ್ ಸಂಖ್ಯೆ, ಪಕ್ಕದಲ್ಲಿ ಡಿಬಿಎಂ ಎಂಬ ಅದರ ಅಳತೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಬೆಳಕು ಜಾಸ್ತಿ. ಮೈನಸ್ 15ರಿಂದ 24ರ ತನಕ ನೆಮ್ಮದಿ. ಮೈನಸ್ 27ರ ಹತ್ತಿರ ಹೋದರೆ ಮೋಡೆಮ್ಮು ಅಂಚಿನ ಮೇಲೆ ನಿಂತಿದೆ, ಬಿಟ್ಟು ಬಿಟ್ಟು ಕಡಿಯುತ್ತದೆ. ಎಲ್ಲ ಸರಿಯಿರುವ ಬೇಸಿಗೆಯ ದಿನ ಈ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಜೂನ್ ತಿಂಗಳ ಮಳೆಗೆ ಅದು ಮೂರು ಡಿಬಿ ಇಳಿಯಿತು ಎಂದರೆ ಬರುವ ಬೆಳಕು ಅರ್ಧಕ್ಕೆ ಬಿತ್ತೆಂದೇ ಲೆಕ್ಕ. ಕಂಬದ ಮೇಲಿನ ಜೋಡಣೆ ಪೆಟ್ಟಿಗೆಗೆ ನೀರು ನುಗ್ಗಿರುವ ಸಂಭವ ಹೆಚ್ಚು. 'ನೆಟ್ ಸ್ಲೋ' ಎಂದು ದೂರಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಬರುತ್ತದೆ. 'ಮೈನಸ್ 20 ಇದ್ದದ್ದು ಮೈನಸ್ 26 ಆಗಿದೆ' ಎಂದು ಹೇಳಿ ನೋಡಿ, ಏಣಿ ಹಿಡಿದ ಹುಡುಗ ಬೇಗ ಬರುತ್ತಾನೆ.

ವೈಫೈ ಮತ್ತು ಒಂದೂವರೆ ಅಡಿಯ ಗೋಡೆ

ಬೆಳಕು ಸರಿ, ಕರೆಂಟು ಸರಿ, ಆದರೂ ಒಳಗಿನ ಕೋಣೆಯಲ್ಲಿ ವಿಡಿಯೊ ಸುತ್ತುತ್ತಲೇ ಇದೆ. ಈಗ ಲ್ಯಾನ್ ಕೇಬಲ್ ಹೊರತೆಗೆಯಿರಿ. ಲ್ಯಾಪ್‌ಟಾಪನ್ನು ನೇರ ಮೋಡೆಮ್ಮಿಗೆ ಸಿಕ್ಕಿಸಿ ವೇಗ ನೋಡಿ, ಆಮೇಲೆ ಕೇಬಲ್ ತೆಗೆದು ಮೋಡೆಮ್ಮಿನ ಎದುರೇ ಕೂತು ವೈಫೈಯಲ್ಲಿ ನೋಡಿ, ಆಮೇಲೆ ತೊಂದರೆಯ ಕೋಣೆಗೆ ಹೋಗಿ ನೋಡಿ. ಕೇಬಲ್ಲಿನಲ್ಲೇ ವೇಗವಿಲ್ಲದಿದ್ದರೆ, ಅದೂ ಸಂಜೆ ಏಳರಿಂದ ಹತ್ತರ ತನಕ ಮಾತ್ರ ಇಲ್ಲದಿದ್ದರೆ, ಲೈನಿನಲ್ಲಿ ಜನದಟ್ಟಣೆ. ಯಾವ ರೌಟರ್ ತಂದರೂ ಪ್ರಯೋಜನವಿಲ್ಲ. ಕೇಬಲ್ಲಿನಲ್ಲಿ ವೇಗ 94 ಎಂಬಿಪಿಎಸ್‌ನ ಆಸುಪಾಸಿಗೆ ಬಂದು ಅಲ್ಲೇ ಅಂಟಿಕೊಂಡಿದ್ದರೆ ಪೋರ್ಟು 100 ಮೆಗಾಬಿಟ್ಟಿನದ್ದು, ಇಲ್ಲವೇ ಕೇಬಲ್ಲಿನೊಳಗೊಂದು ಎಳೆ ಕಡಿದಿದೆ. ನಿಮ್ಮ ಪ್ಲಾನು 40 ಅಥವಾ 50 ಎಂಬಿಪಿಎಸ್‌ನದ್ದಾದರೆ ಅದರ ಗೊಡವೆಯೇ ಬೇಡ.

ಮೋಡೆಮ್ಮಿನ ಎದುರು ಚೆನ್ನಾಗಿದ್ದು ಒಳಕೋಣೆಯಲ್ಲಿ ಮಾತ್ರ ಇಲ್ಲದಿದ್ದರೆ ದೋಷಿ ಗೋಡೆ. ಸಿರಸಿ ಸೀಮೆಯ ಹಳೆ ಮನೆಗಳ ಮಣ್ಣುಗೋಡೆ, ಕರಾವಳಿಯ ಚಿರೆಕಲ್ಲಿನ ಗೋಡೆ, ಎರಡೂ ದಪ್ಪ. ಮಳೆಗಾಲದಲ್ಲಿ ಅವು ನೀರು ಕುಡಿದು ನಿಂತಾಗ ರೇಡಿಯೊ ಅಲೆಯನ್ನು ಇನ್ನಷ್ಟು ನುಂಗುತ್ತವೆ. 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದು, ಆದರೆ ಎರಡನೇ ಗೋಡೆ ದಾಟುವಷ್ಟರಲ್ಲಿ ಉಸಿರು ಬಿಡುತ್ತದೆ. 2.4 ನಿಧಾನದ್ದು, ದೂರ ಹೋಗುತ್ತದೆ. ಜಗಲಿಯ ಮೂಲೆಯಲ್ಲಿ, ಟಿವಿಯ ಬೆನ್ನಿಗೆ, ಕಬ್ಬಿಣದ ಬೀರುವಿನ ಪಕ್ಕ ರೌಟರ್ ಇಟ್ಟಿದ್ದರೆ ಮೊದಲು ಅದನ್ನು ಮನೆಯ ನಡುವೆ, ಎತ್ತರದಲ್ಲಿ ಇಡಿ. ದುಡ್ಡು ಖರ್ಚಿಲ್ಲದ ಅಪ್‌ಗ್ರೇಡ್ ಇದು.

ಅಷ್ಟಕ್ಕೂ ಬಗ್ಗದಿದ್ದರೆ ಆರು ಆಂಟೆನಾದ ದುಬಾರಿ ರೌಟರಿನ ಆಸೆ ಬಿಡಿ. ಆಂಟೆನಾ ಎಷ್ಟಿದ್ದರೂ ಪ್ರಸರಣದ ಶಕ್ತಿಗೆ ಕಾನೂನಿನ ಮಿತಿಯಿದೆ. ಮೇಲಾಗಿ ನಿಮ್ಮ ಫೋನು ತಿರುಗಿ ಕೂಗಬೇಕಲ್ಲ? ಅದರ ದನಿ ಸಣ್ಣದೇ. ಗೋಡೆಗೆ ಸಿಗಿಸುವ ಅಗ್ಗದ ರಿಪೀಟರೂ ಅಷ್ಟಕ್ಕಷ್ಟೇ. ಕೇಳಿದ್ದನ್ನೇ ಅದೇ ಬ್ಯಾಂಡಿನಲ್ಲಿ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧವಾಗುತ್ತದೆ. ಸರಿಯಾದ ದಾರಿ ಅಟ್ಟದ ಮೇಲಿಂದ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆದು ಆಚೆ ತುದಿಯಲ್ಲಿ ಇನ್ನೊಂದು ರೌಟರ್ ಇಡುವುದು. ಕೇಬಲ್ಲನ್ನು ಪಿವಿಸಿ ಪೈಪಿನೊಳಗೆ ಹಾಕಿ, ಅಟ್ಟದ ಇಲಿಗಳು ಅದರ ಹೊದಿಕೆಯನ್ನು ಕಡಿಯದೆ ಬಿಡುವುದಿಲ್ಲ. ಮೂಲೆಯಲ್ಲಿ ಬಿದ್ದ ನಿಮ್ಮ 'ಹಳೆ' ರೌಟರೇ ಇದಕ್ಕೆ ಸಾಕು: ಅದರ ಡಿಎಚ್‌ಸಿಪಿ (ಫೋನು, ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಸೆಟ್ಟಿಂಗ್) ಬಂದ್ ಮಾಡಿ, ವಿಳಾಸವನ್ನು 192.168.1.2 ಎಂದು ಬದಲಿಸಿ, ಮೊದಲಿನದ್ದೇ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು, ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಸಿಕ್ಕಿಸಿ.

ತೇವ, ಉಪ್ಪು, ಸಿಡಿಲು

ಜೋರು ಮಳೆ ಬಂದಾಗ ಡಿಶ್ ಟಿವಿ ಹೋಗುವುದು ದೋಷವೇ ಅಲ್ಲ. ಆ ಸಿಗ್ನಲ್ಲಿನ ತರಂಗವನ್ನು ಮಳೆಹನಿಗಳೇ ತಡೆಯುತ್ತವೆ, ಮಳೆ ಇಳಿದಾಗ ಬರುತ್ತದೆ. ಮಳೆ ನಿಂತು ಬಿಸಿಲು ಬಿದ್ದರೂ ಬಾರದಿದ್ದರೆ ಛತ್ರಿಯ ಮುಂದಿನ ಎಲ್‌ಎನ್‌ಬಿಯ (ಸಿಗ್ನಲ್ ಹಿಡಿಯುವ ಮೂತಿಯ) ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಾಮ್ರದ ಕಡ್ಡಿ ಹಸಿರು ಹಿಡಿದಿದ್ದರೆ ಅಷ್ಟು ಉದ್ದ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ಟೇಪು ಸುತ್ತಿ. ಕೇಬಲ್ಲು ಕನೆಕ್ಟರಿಗೆ ಕೆಳಗಿನಿಂದ ಏರಿ ಬರುವಂತೆ ಒಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕಾರವಾರದ ಬೈತಖೋಲ, ಮಾಜಾಳಿಯಂಥ ಕಡಲ ಪಕ್ಕದ ಊರುಗಳಲ್ಲಿ ಹೊರಗಿನ ಜೋಡಣೆಗಳನ್ನು ಪ್ರತಿವರ್ಷ ಮಳೆಗೆ ಮೊದಲೇ ಬಿಚ್ಚಿ ನೋಡುವುದು ಒಳ್ಳೆಯದು. ಬ್ಯಾಟರಿಯ ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿದರೆ ಕಿಲುಬು ತಡವಾಗಿ ಹಿಡಿಯುತ್ತದೆ.

ಇನ್ನು ಟಿವಿಯನ್ನು ಪ್ಲಗ್ ತೆಗೆದಿಡಬೇಕೋ, ಹಾಕಿಡಬೇಕೋ? ಎರಡೂ ಸರಿ, ತಿಂಗಳು ಬೇರೆ. ನಮ್ಮಲ್ಲಿ ಗುಡುಗು ಸಿಡಿಲಿನ ಕಾಟ ಇರುವುದು ಏಪ್ರಿಲ್, ಮೇಯಲ್ಲಿ, ಮತ್ತೆ ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲಿ. ಆಗ ಮೋಡ ಕವಿದ ಕೂಡಲೇ ಪ್ಲಗ್ಗೂ ತೆಗೆಯಬೇಕು, ಟಿವಿ ಕೇಬಲ್ಲೂ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಜುಲೈ, ಆಗಸ್ಟಿನ ಬಿಡದ ಮಳೆಯಲ್ಲಿ ಸಿಡಿಲು ಕಡಿಮೆ, ತೇವ ವಿಪರೀತ. ಗೋಡೆಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುವ ಆ ದಿನಗಳಲ್ಲಿ ದಿನಾ ಅರ್ಧ ತಾಸಾದರೂ ಟಿವಿ, ಕಂಪ್ಯೂಟರ್ ಓಡಿಸಿದರೆ ಒಳಗಿನ ಬಿಸಿಗೆ ಬೋರ್ಡು ಒಣಗಿರುತ್ತದೆ.

ಸಿಡಿಲಿನ ಮಾರನೇ ದಿನ ರೌಟರ್ ಬದುಕಿದೆ, ವೈಫೈ ಬರುತ್ತದೆ, ಲ್ಯಾನ್ ಪೋರ್ಟ್ ಮಾತ್ರ ಸತ್ತಿದೆ ಎಂಬುದು ಬಹಳ ಕಡೆ ಕಾಣುವ ಚಿತ್ರ. ಫೈಬರ್ ಗಾಜಿನದ್ದು, ಸಿಡಿಲನ್ನು ತರುವುದಿಲ್ಲ ಎಂಬ ಧೈರ್ಯ ಅರ್ಧ ನಿಜ. ತಂತಿಯನ್ನು ಹೊತ್ತು ನಿಲ್ಲುವ ಉಕ್ಕಿನ ಸರಿಗೆ ಅದರ ಜೊತೆಗೇ ಮನೆ ತನಕ ಬಂದಿರುತ್ತದೆ. ಅದನ್ನು ಹೊರಗಿನ ಗೋಡೆಯಲ್ಲೇ ಕತ್ತರಿಸಿ ನಿಲ್ಲಿಸಲು ಹೇಳಿ. ಕರೆಂಟಿನ ಹಠಾತ್ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿದವರು ಅದರ ಹಸಿರು ದೀಪ ಉರಿಯುತ್ತಿದೆಯೇ ನೋಡಿಕೊಳ್ಳಿ. ಒಳಗಿನ ತುಂಡು ಪ್ರತಿ ಹೊಡೆತಕ್ಕೂ ಸವೆಯುತ್ತದೆ, ದೀಪ ಆರಿದ ಮೇಲೆ ಅದು ಬರೀ ಎಕ್ಸ್‌ಟೆನ್ಷನ್ ಬೋರ್ಡು. ಅರ್ತಿಂಗ್ ಸರಿಯಿಲ್ಲದಿದ್ದರೂ ಅದರ ಕೆಲಸ ಅರೆಬರೆ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ, ಸಿಡಿಲು ಬರುವುದೂ ಆಗಲೇ. ಮಾರ್ಚಿನಲ್ಲಿ ಅರ್ತಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹಾಕುವ ಹಿರಿಯರ ರೂಢಿ ಬಿಡಬೇಡಿ.

ಟಿವಿಯಲ್ಲಿ ಧ್ವನಿಯಿದೆ, ಚಿತ್ರವಿಲ್ಲ ಎಂದಾದರೆ ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ. ಮಸುಕಾಗಿ ಮುಖಗಳು ಓಡಾಡುವುದು ಕಂಡರೆ ಪ್ಯಾನೆಲ್ ಚೆನ್ನಾಗಿದೆ, ಹಿಂದಿನ ಎಲ್‌ಇಡಿ ಪಟ್ಟಿ ಹೋಗಿದೆ. ಪಟ್ಟಿ ಬದಲಿಸುವುದು ಸಾಧಾರಣ ಖರ್ಚಿನ ರಿಪೇರಿ. ಪರದೆಯಲ್ಲಿ ಉದ್ದುದ್ದ ಗೆರೆ, ಒಡಕು ಕಂಡರೆ ಪ್ಯಾನೆಲ್ಲೇ ಹೋದಂತೆ. ಅದರ ಬೆಲೆ ಹೊಸ ಟಿವಿಯ ಹತ್ತಿರ ಬರುತ್ತದೆ, ರಿಪೇರಿಗೆ ಕೈ ಹಾಕಬೇಡಿ.

ಬದಲಿಸಲೇಬೇಕಾದಾಗ

ಇಷ್ಟೆಲ್ಲ ನೋಡಿಯೂ ಕೆಲವನ್ನು ಬಿಡಲೇಬೇಕು. ನಾನು ಬಿಡಿ ಎಂದು ಹೇಳುವುದು ವೇಗಕ್ಕಿಂತ ಹೆಚ್ಚಾಗಿ ಭದ್ರತೆಯ ಕಾರಣಕ್ಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು, ಕನಿಷ್ಠ 4 ಜಿಬಿ ರ್‍ಯಾಮ್, ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು. ನಿಮ್ಮ ಯಂತ್ರ ಈ ಗೆರೆಯ ಮೇಲಿದ್ದು ಬರೀ ನಿಧಾನವಾಗಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಡಿಸ್ಕ್ ಸಾಲು ನೋಡಿ. ಅದು 100ಕ್ಕೆ ನಿಂತೇ ಇದ್ದರೆ, ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಅದರ ಜಾಗಕ್ಕೆ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ. ಹೊಸ ಕಂಪ್ಯೂಟರ್ ತಂದಷ್ಟೇ ಖುಷಿ ಕಾಲು ಭಾಗಕ್ಕಿಂತ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಗೆರೆಯ ಕೆಳಗಿದ್ದು, ಅದರಲ್ಲಿ ನಡೆಯುವುದು ಪತ್ರಿಕೆ ಓದುವುದು, ಯಕ್ಷಗಾನದ ವಿಡಿಯೊ ನೋಡುವುದು ಅಷ್ಟೇ ಆದರೆ ಲಿನಕ್ಸ್ ಹಾಕಿಸಿ ಇನ್ನೂ ಕೆಲವು ವರ್ಷ ದೂಡಬಹುದು. ಸೊಸೈಟಿಯ ಲೆಕ್ಕ, ಬ್ಯಾಂಕಿನ ವ್ಯವಹಾರ ಅದರಲ್ಲೇ ಆಗುವುದಾದರೆ ಮತ್ತು ಬಳಸುವವರು ವಿಂಡೋಸ್ ಬಿಟ್ಟು ಬೇರೆಯದಕ್ಕೆ ಒಗ್ಗದವರಾದರೆ ಹೊಸದು ತನ್ನಿ.

ಫೋನಿಗೂ ಇದೇ ಅಳತೆ. ಬ್ಯಾಟರಿ ನಿಲ್ಲುವುದಿಲ್ಲ ಎಂದು ಫೋನ್ ಎಸೆಯಬೇಡಿ, ಬ್ಯಾಟರಿ ಬದಲಿಸಿ. ಆದರೆ ಸೆಟ್ಟಿಂಗಿನಲ್ಲಿ ಸೆಕ್ಯುರಿಟಿ ಅಪ್‌ಡೇಟಿನ ದಿನಾಂಕ ಮೂರ್ನಾಲ್ಕು ವರ್ಷ ಹಿಂದೆಯೇ ನಿಂತಿದ್ದರೆ ಆ ಫೋನಿನಲ್ಲಿ ಯುಪಿಐ ಇಟ್ಟುಕೊಳ್ಳುವುದು ಒಳ್ಳೆಯದಲ್ಲ. ಬ್ಯಾಟರಿ ಉಬ್ಬಿ ಪರದೆ ಎದ್ದು ಬಂದಿದ್ದರಂತೂ ಚಾರ್ಜಿಗೆ ಹಾಕದೆ, ಒತ್ತದೆ, ಅಂದೇ ರಿಪೇರಿಯವರಿಗೆ ಕೊಡಿ.

ರೌಟರ್ ಬದಲಿಸುವ ನಿಜವಾದ ಕಾರಣಗಳು ಎರಡೇ: ಅದು 2.4 ಗಿಗಾಹರ್ಟ್ಸ್ ಮಾತ್ರ ಕೊಡುವ ಹಳೆಯ ಜಾತಿಯದ್ದು ಮತ್ತು ನಿಮ್ಮ ಪ್ಲಾನು ಅದಕ್ಕಿಂತ ವೇಗದ್ದು, ಇಲ್ಲವೇ ಕಂಪನಿ ಅದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದೆ. ತರುವಾಗ ಎರಡೂ ಬ್ಯಾಂಡಿನ, ಗಿಗಾಬಿಟ್ ಪೋರ್ಟಿನ ಸಾಧಾರಣ ವೈಫೈ 6 ರೌಟರ್ ಸಾಕು. ಬಿಲ್ಲನ್ನು ಮನೆಗೆ ಬಂದ ದಿನವೇ ಫೋಟೊ ತೆಗೆದಿಡಿ. ಥರ್ಮಲ್ ಕಾಗದದ ಅಕ್ಷರ ಒಂದೆರಡು ಮಳೆಗಾಲದಲ್ಲಿ ಅಳಿಸಿಹೋಗುತ್ತದೆ, ವಾರಂಟಿ ಅದಕ್ಕಿಂತ ಹೆಚ್ಚು ಕಾಲ ಇರುತ್ತದೆ. ಸಿಡಿಲಿಗೆ ಸುಟ್ಟದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ಅದನ್ನು ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಿಕೊಳ್ಳಿ.